ಹಡ್ಲಿನ ಕಪ್ಪೆಗೆ ದೊಡ್ಡಮ್ಮನ ಹೆಸರು

ನನ್ನ ದೊಡ್ಡಮ್ಮನಿಗೆ ಹೆಸರಿಟ್ಟವರು ಅವರ ಅಪ್ಪ, ಅಂದರೆ ವಸ್ತಾರೆಯ ನನ್ನ ಅಜ್ಜ. ಮೂರು ಹೆಣ್ಣುಮಕ್ಕಳಾದ ಮೇಲೆ ನಾಲ್ಕನೆಯದೂ ಹೆಣ್ಣೇ ಆದಾಗ, ತೊಟ್ಟಿಲಿಗೆ ಹಾಕುವ ದಿನ ಅಜ್ಜ ಯಾರನ್ನೂ ಕೇಳದೆ ಕೂಸಿನ ಕಿವಿಯಲ್ಲಿ ಒಂದು ಹೆಸರು ಹೇಳಿ, ಎದ್ದು ತೋಟಕ್ಕೆ ಹೋಗಿಬಿಟ್ಟರಂತೆ. ಹೆಣ್ಣು ಸಾಕು ಎಂಬ ಅರ್ಥದ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯದಿದ್ದರೂ ಕನ್ನಡದವರಿಗೆ ಅದು ಯಾವುದೆಂದು ತಿಳಿಯುತ್ತದೆ. ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಆ ಹೆಸರಿನ ಹೆಂಗಸು ಊರಿಗೊಬ್ಬಳಾದರೂ ಇರುತ್ತಿದ್ದಳು. ದೇವರಿಗೆ ಕೇಳಿಸಲಿ ಎಂದು ಇಟ್ಟ ಹೆಸರದು. ಹೊತ್ತು ತಿರುಗಬೇಕಾದವಳಿಗೂ ಅದು ದಿನಾ ಕೇಳಿಸುತ್ತದೆ ಎಂಬುದು ಇಟ್ಟವರ ಮನಸ್ಸಿಗೆ ಬಂದಿರಲಿಕ್ಕಿಲ್ಲ.

ಹೆಸರು ಕೆಲಸ ಮಾಡಲಿಲ್ಲ. ಐದನೆಯದೂ ಹೆಣ್ಣೇ ಹುಟ್ಟಿತು. ಅದು ನನ್ನ ಅಮ್ಮ. ಆ ಸಲ ಅಜ್ಜಿ, ಅಜ್ಜನನ್ನು ತೊಟ್ಟಿಲ ಹತ್ತಿರಕ್ಕೇ ಬಿಡದೆ ತಾನೇ ಒಂದು ದೇವಿಯ ಹೆಸರು ಹೇಳಿದಳಂತೆ. ದೊಡ್ಡಮ್ಮ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳಿ ಮುಗಿಸಿದ ಮೇಲೆ ಪ್ರತಿ ಸಲವೂ ನನ್ನ ಮುಖ ನೋಡಿ ನಗುವರು. ತನ್ನ ಹೆಸರು ಫಲಿಸಿದ್ದರೆ ನಿಮ್ಮಮ್ಮನೂ ಇಲ್ಲ, ನೀನೂ ಇಲ್ಲ ಎಂದು.

ಆ ಐದನೆಯವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ನಾಲ್ಕನೆಯವಳೇ. ಮುಂದೆ ನನ್ನನ್ನೂ. ನಾನು ಹುಟ್ಟಿದ ಮೇಲೆ ಅಮ್ಮ ಕಾಯಿಲೆ ಬಿದ್ದು ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಆಗ ಮೂಡಿಗೆರೆ ಕಡೆಯ ಜಾವಳಿಗೆ ಮದುವೆಯಾಗಿ ಹೋಗಿದ್ದ ದೊಡ್ಡಮ್ಮ ಬಸ್ಸು ಹತ್ತಿ ಬಂದು ನನ್ನನ್ನು ಬಟ್ಟೆಯಲ್ಲಿ ಸುತ್ತಿ ಕರೆದುಕೊಂಡು ಹೋದರು. ಶಾಲೆಗೆ ಸೇರಿಸುವ ವಯಸ್ಸಿನವರೆಗೆ ನಾನು ಅವರ ತೋಟದ ಮನೆಯಲ್ಲೇ ಇದ್ದೆ. ಅಮ್ಮ ಗುಣವಾದ ಮೇಲೆ ನಾನು ವಸ್ತಾರೆಗೆ ವಾಪಸು ಬಂದಾಗ ಅಮ್ಮನನ್ನು 'ಚಿಕ್ಕಮ್ಮ' ಎಂದು ಕರೆದು ಎಲ್ಲರನ್ನೂ ಅಳಿಸಿದೆನಂತೆ.

ಬೆಳೆದು ನಾನು ಕನ್ನಡ ಮೇಡಂ ಆದೆ. ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ವರ್ಷದ ಮೊದಲ ತರಗತಿಯಲ್ಲಿ ಮಕ್ಕಳ ಊರಿನ ಹೆಸರು ಕೇಳಿ ಅದರ ಅರ್ಥ ಬಿಡಿಸುವುದು ನನ್ನ ಅಭ್ಯಾಸ. ಮೊದಲು ನಾವು ಕೂತಿರುವ ಊರಿನಿಂದಲೇ ಶುರು. ಹಿಂದೆ ಯಾವನೋ ಪಾಳೆಯಗಾರ ಹಿರಿಯ ಮಗಳಿಗೆ ಹಿರೇಮಗಳೂರನ್ನೂ ಚಿಕ್ಕವಳಿಗೆ ಇದನ್ನೂ ಬಳುವಳಿ ಕೊಟ್ಟನೆಂದು ಜನ ಹೇಳುತ್ತಾರೆ. ಈ ಕಥೆಯನ್ನು ದೊಡ್ಡಮ್ಮನಿಗೆ ಒಮ್ಮೆ ಹೇಳಿದಾಗ ಅವರು ಅಡಕೆ ಕತ್ತರಿಸುತ್ತಾ, ಒಬ್ಬ ಅಪ್ಪ ಮಗಳಿಗೆ ಊರನ್ನೇ ಕೊಟ್ಟ, ನಮ್ಮಪ್ಪನಿಗೆ ಒಂದು ನೆಟ್ಟಗಿನ ಹೆಸರು ಕೊಡೋಕಾಗ್ಲಿಲ್ಲ ನೋಡು ಎಂದಿದ್ದರು. ಸಿಟ್ಟಿನಿಂದಲ್ಲ. ಮಳೆ ಬರಲಿಲ್ಲ ಎನ್ನುವ ಹಾಗೆ.

ನನ್ನ ತರಗತಿಯಲ್ಲಿ ಕೂತವರಲ್ಲಿ ಕಳಸದ ಕಡೆಯ ಒಬ್ಬ ಹುಡುಗಿ ಇದ್ದಳು. ಪ್ರಾಣಿಶಾಸ್ತ್ರ ಓದಿ, ಮುಂದೆ ಹೊರಗೆ ಹೋಗಿ ಕಪ್ಪೆಗಳ ಮೇಲೆ ಸಂಶೋಧನೆಗೆ ಸೇರಿದಳು. ಕೆಲವು ವರ್ಷಗಳ ಹಿಂದೆ ಮಳೆಗಾಲದ ಶುರುವಿನಲ್ಲಿ ಅವಳ ಫೋನ್ ಬಂತು. ಮೂಡಿಗೆರೆ ಸುತ್ತಿನಲ್ಲಿ ಇನ್ನೂ ಕೆಡದೆ ಉಳಿದ ಹಡ್ಲು ಎಲ್ಲಾದರೂ ಗೊತ್ತಿದೆಯಾ ಎಂದು ಕೇಳಿದಳು. ಹಡ್ಲು ಎಂದರೆ ನಮ್ಮಲ್ಲಿ ತೋಟಗಳ ನಡುವಿನ ತಗ್ಗಿನ ಜೌಗು ಜಾಗ. ಹಿಂದೆ ಗದ್ದೆಯಾಗಿದ್ದು ಬೇಸಾಯ ಬಿಟ್ಟು ಹುಲ್ಲು ಬೆಳೆದದ್ದೂ ಉಂಟು, ಮೊದಲಿನಿಂದಲೂ ಹಾಗೇ ಇದ್ದದ್ದೂ ಉಂಟು. ಈಗ ಅಂಥವು ಕಡಿಮೆ. ಕಾಲುವೆ ತೋಡಿ ನೀರು ಬಸಿದು ಶುಂಠಿ ಹಾಕುತ್ತಾರೆ. ನನಗೆ ತಕ್ಷಣ ನೆನಪಾದದ್ದು ದೊಡ್ಡಮ್ಮನ ಮನೆಯ ಕೆಳಗಿನ ಹಡ್ಲು. ಅದನ್ನು ಶುಂಠಿಗೆ ಕೇಳಿಕೊಂಡು ಗುತ್ತಿಗೆಯವರು ಬಂದಾಗ ಅಣ್ಣ, ಅಂದರೆ ದೊಡ್ಡಮ್ಮನ ಮಗ, ಕೊಡಲು ಒಪ್ಪಿದ್ದ. ದೊಡ್ಡಮ್ಮ ಒಪ್ಪಲಿಲ್ಲ. ಬೇಸಿಗೆಯಲ್ಲಿ ಬಾವಿ ಬತ್ತಿದರೂ ಆ ಹಡ್ಲಿನ ತಲೆಯಲ್ಲಿದ್ದ ಒರತೆ ಬತ್ತುತ್ತಿರಲಿಲ್ಲ, ಅಷ್ಟೇ ಅವರ ಕಾರಣ. ಕಪ್ಪೆಯ ಯೋಚನೆ ಯಾರಿಗೂ ಇರಲಿಲ್ಲ.

ನಾವಿಬ್ಬರೂ ಹೋದ ದಿನ ಮಧ್ಯಾಹ್ನ ಮಳೆ ಬಿಟ್ಟಿತ್ತು. ದೊಡ್ಡಮ್ಮ ಹುಡುಗಿಗೆ ಅಕ್ಕಿರೊಟ್ಟಿ ಬಡಿಸಿ ಅವಳ ಮನೆ, ಜನ ಎಲ್ಲ ವಿಚಾರಿಸಿದರು. ಸಂಜೆಗೆ ಮುಂಚೆ ಮೂವರೂ ತೋಟದ ದಾರಿಯಲ್ಲಿ ಇಳಿದೆವು. ದಾರಿಯುದ್ದಕ್ಕೂ ದೊಡ್ಡಮ್ಮ ಗಿಡಗಳನ್ನು ತೋರಿಸುತ್ತಾ ಬಂದರು. ಸೊಪ್ಪು ಕಡಿದು ಹಾಕುವ ಗೊಬ್ಬರದ ಗಿಡ, ಎಲ್ಲಿಂದಲೋ ಬಂದು ಎಲ್ಲ ಕಡೆ ಹಬ್ಬಿದ ಕಮ್ಯುನಿಸ್ಟ್ ಗಿಡ, ಮುಟ್ಟಿದರೆ ಮುನಿ. ಒಂದಕ್ಕೆ ಅದರ ಕೆಲಸದಿಂದ ಹೆಸರು, ಇನ್ನೊಂದಕ್ಕೆ ಅದು ಬಂದ ಕಾಲದ ಗಾಳಿಮಾತಿನಿಂದ, ಮತ್ತೊಂದಕ್ಕೆ ಸ್ವಭಾವದಿಂದ ಎಂದು ನಾನು ಮೇಷ್ಟರಿಕೆ ಮಾಡಿದೆ. ಹುಡುಗಿ ಎಲ್ಲಕ್ಕೂ ಹ್ಞೂಂಗುಟ್ಟುತ್ತಿದ್ದಳು. ಆದರೆ ಅವಳ ಕಿವಿ ನಮ್ಮ ಮೇಲಿರಲಿಲ್ಲ.

ಹಡ್ಲಿನ ಬದುವಿಗೆ ಬಂದಾಗ ಬೆಳಕು ಹಳದಿಯಾಗಿತ್ತು. ಜೊಂಡಿನೊಳಗಿಂದ ಟಿಕ್, ಟಿಕ್, ಟಿಕ್ ಎಂಬ ಸದ್ದು ಶುರುವಾಯಿತು. ಆ ಮನೆಯಲ್ಲಿ ಬೆಳೆದ ಎಲ್ಲರಿಗೂ ಗೊತ್ತಿರುವ ಸದ್ದು. ಹಳೆಯ ಗೋಡೆ ಗಡಿಯಾರದ ಹಾಗೆ ಬಿಟ್ಟು ಬಿಟ್ಟು ಬರುವುದರಿಂದ ಅದನ್ನು ನಾವು ಗಡಿಯಾರದ ಹುಳ ಎನ್ನುತ್ತಿದ್ದೆವು. ಹುಳವನ್ನು ಯಾರೂ ಕಂಡಿರಲಿಲ್ಲ, ಹುಡುಕಿಯೂ ಇರಲಿಲ್ಲ. ಹುಡುಗಿ ನಡೆಯುವುದನ್ನು ನಿಲ್ಲಿಸಿದಳು. ಕೈಯೆತ್ತಿ ನಮ್ಮನ್ನೂ ನಿಲ್ಲಿಸಿದಳು. ಆಮೇಲೆ ಚಪ್ಪಲಿ ಬಿಟ್ಟು ಮೊಣಕಾಲವರೆಗಿನ ಕೆಸರಿಗೆ ಇಳಿದು, ಒಂದೊಂದೇ ಜೊಂಡನ್ನು ಬೆರಳಿನಿಂದ ಸರಿಸುತ್ತಾ, ಸದ್ದು ನಿಂತಾಗ ತಾನೂ ನಿಂತು, ಮತ್ತೆ ಬಂದಾಗ ಒಂದು ಹೆಜ್ಜೆ ಇಟ್ಟು, ಬಹಳ ಹೊತ್ತು ಹುಡುಕಿದಳು. ನಾವು ಬದುವಿನ ಮೇಲೆ ಸೊಳ್ಳೆ ಹೊಡೆಯುವುದಕ್ಕೂ ಹೆದರಿ ನಿಂತಿದ್ದೆವು.

ಕೊನೆಗೆ ಅವಳು ತಿರುಗಿ ನೋಡದೆ ಪಿಸುಗುಟ್ಟಿದಳು. "ಮೇಡಂ, ಇದು ಹುಳ ಅಲ್ಲ."

ನಾವೂ ಸೀರೆ ಎತ್ತಿ ಕಟ್ಟಿ ಇಳಿದೆವು. ಜೊಂಡಿನ ಒಂದು ಎಲೆಯ ಅಡಿಗೆ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಕಪ್ಪೆ ಅಂಟಿಕೊಂಡಿತ್ತು. ಹಸಿ ಜೇನಿನ ಬಣ್ಣ. ನಾವು ನೋಡುತ್ತಿದ್ದಂತೆಯೇ ಅದರ ಗಂಟಲು ಉಬ್ಬಿ ಮೈಗಿಂತ ದೊಡ್ಡದಾದ ಒಂದು ಗುಳ್ಳೆಯಾಯಿತು. ಗುಳ್ಳೆಯ ಆಚೆಗಿನ ಹಸಿರು ಕಾಣುವಷ್ಟು ತೆಳು. ಟಿಕ್ ಎಂದಿತು. ಗುಳ್ಳೆ ಒಳಗೆ ಹೋಯಿತು. ನನ್ನ ಜೀವಮಾನವಿಡೀ ಕೇಳಿದ ಸದ್ದು ಇಷ್ಟು ಪುಟ್ಟ ಮೈಯಿಂದ ಬರುತ್ತಿತ್ತೆಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ದೊಡ್ಡಮ್ಮ ಕೈ ಮುಗಿದರು. ದೇವರ ಮುಂದೆ ಮುಗಿಯುವ ಹಾಗಲ್ಲ, ಮನೆಗೆ ಬಂದ ದೊಡ್ಡವರಿಗೆ ಮುಗಿಯುವ ಹಾಗೆ. ಇಷ್ಟು ವರ್ಷ ಇದನ್ನು ಹುಳ ಎಂದಿದ್ದೇನಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಇದು ಯಾವ ಕಪ್ಪೆ ಎಂದು ನಾನು ಕೇಳಿದೆ. ಹುಡುಗಿ ಸದ್ದನ್ನು ಯಂತ್ರದಲ್ಲಿ ಹಿಡಿಯುತ್ತಾ ತಲೆಯಾಡಿಸಿದಳು. ಈ ದನಿ ತಾನು ಎಲ್ಲೂ ಕೇಳಿಲ್ಲ, ಗೊತ್ತಿಲ್ಲ ಎಂದಳು.

ಆಮೇಲೆ ಅವಳು ಆ ಮಳೆಗಾಲದಲ್ಲೂ ಮರುವರ್ಷವೂ ಹಲವು ಸಲ ಜಾವಳಿಗೆ ಬಂದಳು. ಅನುಮತಿ ತಂದು ಒಂದೆರಡನ್ನು ತೆಗೆದುಕೊಂಡು ಹೋದಳು. ಅದರ ಹತ್ತಿರದ ನೆಂಟರು ಯಾರು, ಹಿಂದೆ ಯಾರಾದರೂ ಇದನ್ನು ಕಂಡು ಬರೆದಿದ್ದಾರೆಯೇ, ದೂರದ ಸಂಗ್ರಹಾಲಯಗಳ ಬಾಟಲಿಗಳಲ್ಲಿ ಇಂಥದ್ದು ಇದೆಯೇ ಎಂದು ಹೋಲಿಸಿ ನೋಡುವ ಕೆಲಸ ದೀರ್ಘದ್ದು. ನಡುವೆ ನಾನು ಮರೆತೇಬಿಟ್ಟಿದ್ದೆ. ಒಂದು ದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿರುವಾಗ ಅವಳ ಕರೆ ಬಂತು. ಇದುವರೆಗೆ ಯಾರೂ ಹೆಸರಿಟ್ಟಿಲ್ಲದ ಕಪ್ಪೆ ಅದು ಎಂದು ಖಚಿತವಾಗಿದೆ ಎಂದಳು. ನಾನು ಫೋನ್ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತೆ. ಈ ಬೆಟ್ಟಗಳಿಗೆ ಕಾಫಿ ಬರುವುದಕ್ಕೂ ಮೊದಲು, ಊರುಗಳಿಗೆ ಹೆಸರಿಡುವ ಜನ ಬರುವುದಕ್ಕೂ ಎಷ್ಟೋ ಮೊದಲು, ಆ ಜೇನು ಬಣ್ಣದ ಜೀವ ಪ್ರತಿ ಮಳೆಗೂ ಗಂಟಲುಬ್ಬಿಸಿ ಕೂಗಿದೆ. ಯಾವ ಭಾಷೆಯಲ್ಲೂ ಅದಕ್ಕೊಂದು ಶಬ್ದವಿರಲಿಲ್ಲ. ಶಬ್ದಗಳನ್ನೇ ನಂಬಿ ಬದುಕಿದ ನನಗೆ ಮೈ ಜುಮ್ಮೆಂದಿತು. ಹೆಸರಿಲ್ಲದೆ ಅಷ್ಟು ಕಾಲ, ಏನೂ ಕೊರತೆಯಿಲ್ಲದೆ.

ಹುಡುಗಿ ಕರೆ ಮಾಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಕಂಡುಹಿಡಿದವರು ತಮ್ಮ ಹೆಸರು ಇಟ್ಟುಕೊಳ್ಳುವ ರೂಢಿಯಿಲ್ಲ. ಊರಿನದ್ದೋ ಬಣ್ಣದ್ದೋ ಇನ್ನೊಬ್ಬರದೋ ಇಡಬಹುದು. ಆ ಹಡ್ಲನ್ನು ಉಳಿಸಿದವರ ಹೆಸರಿಡಬೇಕೆಂದು ತನಗೆ ಆಸೆ ಎಂದಳು.

ಕೇಳಲು ನಾವೇ ಹೋದೆವು. ದೊಡ್ಡಮ್ಮ ಜಗಲಿಯ ಮೇಲೆ ಕೂತು ಕಾಳುಮೆಣಸಿನ ಕರೆಗಳಿಂದ, ಅಂದರೆ ತೆನೆಗಳಿಂದ, ಕಾಳು ಬಿಡಿಸುತ್ತಿದ್ದರು. ಹುಡುಗಿ ಎಲ್ಲವನ್ನೂ ವಿವರಿಸಿದಳು. ಅವರು ಗಮನವಿಟ್ಟು ಕೇಳಿ, ಬೇಡ ಎಂದರು.

ನಾಚಿಕೆಗೆ ಹೇಳುತ್ತಿದ್ದಾರೆಂದು ನಾನು ಒತ್ತಾಯ ಮಾಡಿದೆ. ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ಅದು ಹೆಸರಲ್ಲ ಮಾರಾಯ್ತಿ, ನಮ್ಮಪ್ಪನ ಬೇಜಾರು. ಆ ಬೇಜಾರನ್ನ ಪಾಪ ಆ ಕಪ್ಪೆಗೆ ಯಾಕೆ ಕಟ್ತೀರಿ?"

ಅಷ್ಟು ವರ್ಷ ನಗುತ್ತಾ ಹೇಳಿದ ಕಥೆಯ ಕೆಳಗೆ ಇದು ಕೂತಿತ್ತೆಂದು ನನಗೆ ಗೊತ್ತಿರಲಿಲ್ಲ. ಹುಡುಗಿ ಒತ್ತಾಯ ಮಾಡಲಿಲ್ಲ. ಮತ್ತೆ ಕಾಳು ಬಿಡಿಸತೊಡಗಿದ ದೊಡ್ಡಮ್ಮನೇ, ತೆಗೆದುಕೊಂಡು ಹೋದ ಕಪ್ಪೆಗಳು ಬದುಕಿವೆಯಾ ಎಂದು ಕೇಳಿದರು. ಇಲ್ಲ, ಬಾಟಲಿಯಲ್ಲಿ ಇಟ್ಟಿದ್ದೇವೆ, ಹಾಗೆ ಇಡದಿದ್ದರೆ ಹೆಸರಿಡಲು ಆಗುವುದಿಲ್ಲ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

"ಹಂಗಾದ್ರೆ ಹೆಸರು ಯಾವುದರದ್ದು? ಬಾಟ್ಲಿಲಿ ಇರೋದರದ್ದಾ, ಹಡ್ಲಲ್ಲಿ ಕೂಗೋದರದ್ದಾ?"

ನಿಯಮದ ಪ್ರಕಾರ ಹೆಸರು ಮೊದಲು ಸೇರುವುದು ಬಾಟಲಿಯಲ್ಲಿರುವ ಒಂದೇ ಒಂದಕ್ಕೆ, ಉಳಿದವು ಅದರಂತೆಯೇ ಇರುವುದರಿಂದ ಆ ಹೆಸರು ಪಡೆಯುತ್ತವೆ ಎಂದಳು. ಮುಂದೆ ಎಂದಾದರೂ ಯಾರಿಗಾದರೂ ಅನುಮಾನ ಬಂದರೆ ಆ ಬಾಟಲಿಯ ಹತ್ತಿರವೇ ಬಂದು ನೋಡಬೇಕು, ನೂರಾರು ವರ್ಷ ಆದರೂ. ದೊಡ್ಡಮ್ಮ ಬಿಡಿಸಿದ ಕಾಳುಗಳನ್ನು ಅಂಗೈಯಲ್ಲಿ ಆಡಿಸುತ್ತಾ ಕೂತರು. ಒಂದು ಸತ್ತದ್ದು ಎಲ್ಲರ ಹೆಸರನ್ನೂ ಕಾಯ್ತದೆ ಅನ್ನು ಎಂದರು ಮೆಲ್ಲಗೆ.

ಆಗ ನಾನು, ಕಪ್ಪೆಯ ಬಗ್ಗೆ ಬರೆಯುವ ಲೇಖನದಲ್ಲಿ ಹೆಸರಿನ ಅರ್ಥವನ್ನೂ ಬರೆಯಬೇಕೆಂದು ಹುಡುಗಿ ಹೇಳಿದ್ದನ್ನು ನೆನೆದು, ನನ್ನ ತಲೆಗೆ ಬಂದದ್ದನ್ನು ಹೇಳಿದೆ. ಕನ್ನಡದಲ್ಲಿ ಆ ಮಾತಿಗೆ ಎರಡು ಅರ್ಥವಿದೆ. ಇನ್ನು ಬೇಡ ಎನ್ನುವುದಕ್ಕೂ ಸಾಕು, ಹೊಟ್ಟೆಗೆ ಹಾಕಿ ಬೆಳೆಸುವುದಕ್ಕೂ ಸಾಕು. ದನ ಸಾಕುತ್ತೇವೆ, ಮಕ್ಕಳನ್ನು ಸಾಕುತ್ತೇವೆ. ನಿಮ್ಮ ಹೆಸರಿಗೆ ಸಾಕಿದವಳು ಎಂದೇ ಅರ್ಥ ಹೇಳಬಹುದು, ನನ್ನನ್ನು ಸಾಕಿದ್ದು ನೀವೇ ಅಲ್ಲವೇ ಎಂದೆ. ಈ ಎರಡನೆಯ ಅರ್ಥ ಇಷ್ಟು ದಿನ ನನ್ನ ಕಣ್ಣೆದುರೇ ಇತ್ತು. ಪಾಠದಲ್ಲಿ ಎಷ್ಟೋ ಶಬ್ದಗಳನ್ನು ಬಿಡಿಸಿದ ನಾನು, ಮನೆಯ ಹೆಸರನ್ನು ಬಿಡಿಸಿ ನೋಡಿರಲಿಲ್ಲ.

ದೊಡ್ಡಮ್ಮ ಕರಗಲಿಲ್ಲ. ಅಪ್ಪ ಇಟ್ಟದ್ದು ಬೇಡ ಎಂಬ ಅರ್ಥದಲ್ಲೇ, ನೀನು ಅದಕ್ಕೆ ಬಣ್ಣ ಹಚ್ಚಬೇಡ ಎಂದರು. ನಾವು ಕಾಫಿ ಕುಡಿದು ಹೊರಟೆವು. ಊರಿನ ಹೆಸರನ್ನೇ ಇಡುತ್ತೇನೆ ಎಂದು ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಹೇಳಿದಳು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ದೊಡ್ಡಮ್ಮನ ಫೋನ್ ಬಂತು. ಸಾಮಾನ್ಯವಾಗಿ ಅವರು ತಾವಾಗಿ ಫೋನ್ ಮಾಡುವವರಲ್ಲ. ಹಸುವಿಗೆ ಹುಲ್ಲು ಹಾಕುತ್ತಿದ್ದೆ ಎಂದು ಶುರು ಮಾಡಿದರು. ಹಾಕುತ್ತಾ ಇರುವಾಗ ಲೆಕ್ಕ ಹಾಕಿದೆ ಎಂದರು. ನಿಮ್ಮಮ್ಮನನ್ನು ಸಾಕಿದೆ. ನಿನ್ನನ್ನು ಸಾಕಿದೆ. ನನ್ನ ಮಗನನ್ನು, ಆಮೇಲೆ ಅವನ ಮಕ್ಕಳನ್ನು. ದನ ಎಷ್ಟೋ. ಕೂಲಿಯವರ ಲೈನ್ ಮನೆಯಲ್ಲಿ ತಾಯಿ ಸತ್ತ ಆ ಕೂಸು ನಡೆಯುವವರೆಗೂ ನಮ್ಮ ಅಡಿಗೆಮನೆಯಲ್ಲೇ ಇತ್ತು, ನಿನಗೆ ನೆನಪಿರಲಿಕ್ಕಿಲ್ಲ. ಹಿಂದೆ ಹಸು ಅಂಬಾ ಎಂದದ್ದು ನನಗೆ ಕೇಳಿಸಿತು.

"ಎರಡನ್ನೂ ಬರೀಲಿ ಆ ಹುಡುಗಿ. ಅಪ್ಪ ಹಿಂಗಂತ ಇಟ್ಟ, ಅವಳು ಹಿಂಗೆ ಬದುಕಿದ್ಲು ಅಂತ. ಒಂದೇ ಬರೆದ್ರೆ ಸುಳ್ಳಾಗ್ತದೆ."

ನಾನು ಹ್ಞೂಂ ಎಂದೆ. ಅರ್ಥ ಎನ್ನುವುದು ಹೆಸರಿಟ್ಟವರ ಕೈಯಲ್ಲಿದೆ ಎಂದು ನಾನು ತಿಳಿದಿದ್ದೆ. ಹೆಸರು ಹೊತ್ತವರು ಬದುಕಿ ಬದುಕಿ ಅದನ್ನು ಬೇರೆ ಮಾಡಬಲ್ಲರು ಎಂಬುದು ಯಾವ ನಿಘಂಟಿನಲ್ಲೂ ಇಲ್ಲ.

ಲೇಖನ ಅಚ್ಚಾಗಿ ಬಂದದ್ದು ಕಾಫಿ ಕುಯ್ಲಿನ ಕಾಲದಲ್ಲಿ. ಹುಡುಗಿ ಅದನ್ನು ಹಿಡಿದು ನೇರ ಜಾವಳಿಗೆ ಬಂದಳು, ನಾನೂ ಹೋದೆ. ದೊಡ್ಡಮ್ಮ ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಿಸಿಲು ಚೆನ್ನಾಗಿತ್ತು. ಹುಡುಗಿ ಕೆಳಗೆ ಕೂತು ಲ್ಯಾಟಿನ್ನಿನ ಆ ಎರಡು ಪದಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಮೊದಲನೆಯದು ಕಪ್ಪೆಯ ಮನೆತನದ ಹೆಸರು. ಎರಡನೆಯದು ದೊಡ್ಡಮ್ಮನದು, ಆದರೆ ಕೊನೆಯಲ್ಲಿ ಒಂದು ಪುಟ್ಟ ಬಾಲ ಸೇರಿತ್ತು. ಅದೇನು ಎಂದು ದೊಡ್ಡಮ್ಮ ಕೇಳಿದರು. ಗಂಡಸಿನ ಹೆಸರಾದರೆ ಬೇರೆ ಬಾಲ, ಹೆಂಗಸಿನದ್ದಾದರೆ ಇದು, ಇದರ ಅರ್ಥ 'ಇವಳದು' ಎಂದು ಹುಡುಗಿ ಹೇಳಿದಳು.

ನಾಲ್ಕನೆಯ ಮಗಳಾಗಿ ಹುಟ್ಟಿ, ಗಂಡಿನ ದಾರಿ ಕಾಯುತ್ತಿದ್ದ ಮನೆಯಲ್ಲಿ ಬೆಳೆದವರು ಅದನ್ನು ಎರಡು ಸಲ ಹೇಳಿಸಿದರು. ಆಮೇಲೆ, ತಾನು ಹೋದ ಮೇಲೆ ಇದನ್ನು ಬದಲಾಯಿಸುತ್ತಾರಾ ಎಂದು ಕೇಳಿದರು. ಇಲ್ಲ ಅಜ್ಜಿ, ಒಮ್ಮೆ ಇಟ್ಟರೆ ಆಯಿತು, ಯಾರಿಗೂ ಹಿಡಿಸದಿದ್ದರೂ ಬದಲಾಯಿಸುವ ಹಾಗಿಲ್ಲ ಎಂದಳು ಅವಳು. ದೊಡ್ಡಮ್ಮ ಕಣದ ಆಚೆಗಿನ ಇಳಿಜಾರನ್ನು ನೋಡಿದರು. ಅಲ್ಲಿ ಕೆಳಗೆ ಹಡ್ಲು ಬಿಸಿಲಿಗೆ ಸದ್ದಿಲ್ಲದೆ ಬಿದ್ದಿತ್ತು. ಮಳೆ ಬರುವವರೆಗೆ ಕಪ್ಪೆಗಳು ಎಲ್ಲಿರುತ್ತವೆ ಎಂದು ಹುಡುಗಿಗೂ ಪೂರ್ತಿ ಗೊತ್ತಿರಲಿಲ್ಲ.

ಹಣ್ಣು ತಿರುವುತ್ತಿದ್ದ ಹೆಂಗಸರು ಹತ್ತಿರ ಬಂದು ಚಿತ್ರ ನೋಡಿದರು. ಅಮ್ಮೋರ ಕಪ್ಪೆ ಅನ್ನಿ ಹಾಗಾದ್ರೆ ಎಂದು ಒಬ್ಬಳು ನಕ್ಕಳು. ದೊಡ್ಡಮ್ಮನೂ ನಕ್ಕು, ಹುಡುಗಿಯ ಕಡೆ ತಿರುಗಿ, ಎಲ್ಲರ ಹೆಸರೂ ಆಯ್ತು, ನಿನ್ನ ಹೆಸರಿನ ಅರ್ಥ ಏನು ಎಂದರು. ಅವಳದು ಒಬ್ಬ ದೇವಿಯ ಹೆಸರು. ಮನೆದೇವರದ್ದಿರಬೇಕು, ಕೇಳಿಲ್ಲ ಎಂದಳು. ಇರಬೇಕು ಎಂದರೆ ಹೇಗೆ, ನಿಮ್ಮಮ್ಮನನ್ನೇ ಕೇಳು ಎಂದು ದೊಡ್ಡಮ್ಮ ಪಟ್ಟು ಹಿಡಿದರು.

ಅವಳು ನಗುತ್ತಲೇ ಕಣದ ಮೂಲೆಗೆ, ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ ಕಳಸಕ್ಕೆ ಫೋನ್ ಮಾಡಿದಳು. ಮೊದಲು ನಗುತ್ತಾ ಮಾತಾಡಿದಳು. ಆಮೇಲೆ ನಗು ನಿಂತಿತು. ಬಹಳ ಹೊತ್ತು ಕೇಳಿಸಿಕೊಂಡಳು. ವಾಪಸು ಬಂದು ನಮ್ಮ ಹತ್ತಿರ ನೆಲದ ಮೇಲೆ ಕೂತು ಹೇಳಿದಳು. ಅವಳ ಅಮ್ಮನಿಗೆ ಹೆರಿಗೆ ನೋವು ಕಾಣಿಸಿದಾಗ ಧೋ ಎಂದು ಮಳೆ, ಜೀಪು ಸಿಗಲಿಲ್ಲ. ದಾರಿಯಲ್ಲಿ ಬಂದ ಒಂದು ಖಾಸಗಿ ಬಸ್ಸಿಗೆ ಕೈ ಅಡ್ಡ ಮಾಡಿ ನಿಲ್ಲಿಸಿ ಮನೆಯವರು ಹತ್ತಿಸಿದರು. ನೇರ ಆಸ್ಪತ್ರೆಗೆ ಹೋಗಲಾ ಎಂದು ಡ್ರೈವರ್ ಪ್ರಯಾಣಿಕರನ್ನು ಕೇಳಿದನಂತೆ. ಎಲ್ಲರೂ ಹೂಂ ಎಂದ ಮೇಲೆ ಎಲ್ಲೂ ನಿಲ್ಲಿಸದೆ, ಮಾಮೂಲು ದಾರಿ ಬಿಟ್ಟು ನೇರ ಆಸ್ಪತ್ರೆಯ ಬಾಗಿಲಿಗೆ ಬಸ್ಸು ತಂದನಂತೆ. ಇಳಿಸುವಾಗ ಅಮ್ಮ ಕಣ್ಣು ಬಿಟ್ಟು ನೋಡಿದ್ದು ಬಸ್ಸಿನ ಹಣೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಹೆಸರು.

"ಅದೇ ಹೆಸರು ನಂಗೆ ಇಟ್ರಂತೆ," ಎಂದಳು. "ಬಸ್ಸಿನ ಹೆಸರು."

ದೊಡ್ಡಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. ಆ ಬಸ್ಸು ಈಗಲೂ ಓಡುತ್ತದಾ ಎಂದು ಕೇಳಿದರು. ಇಲ್ಲವಂತೆ, ಆ ಮಾಲೀಕರೇ ಈಗಿಲ್ಲವಂತೆ, ಅಮ್ಮನಿಗೆ ಡ್ರೈವರ್ ಯಾರೆಂದೂ ಗೊತ್ತಿಲ್ಲ ಎಂದಳು ಹುಡುಗಿ. ಒಂದು ಬಸ್ಸಿನ ತುಂಬ ಇದ್ದ, ನೆನೆದ ಕೊಡೆ ಹಿಡಿದ, ತಮ್ಮ ತಮ್ಮ ಊರಿಗೆ ತಡವಾದರೂ ಪರವಾಗಿಲ್ಲ ಎಂದ ಆ ಜನರೆಲ್ಲ ನನಗೆ ಕಂಡಂತಾಯಿತು. ಕಣದ ಹೆಂಗಸರು ಕೈಯಲ್ಲಿ ಹಣ್ಣು ತಿರುವುವ ಹಲಗೆ ಹಿಡಿದು ಹಾಗೇ ನಿಂತಿದ್ದರು. ಹುಡುಗಿ ತನ್ನ ಹೆಸರನ್ನು ಒಮ್ಮೆ, ಆಗಷ್ಟೇ ಕಲಿತವಳ ಹಾಗೆ, ಮೆಲ್ಲಗೆ ಹೇಳಿಕೊಂಡಳು.